ಟಿಗಳು ರುಚಿ ನೋಡಬಾರದು

ಗುನ್‌ಸಾನ್ ಪೇಟೆಯ ಹಿಂದಿನ ಓಣಿಯಲ್ಲಿ ಮುದುಕಿಯರ ಕೂದಲಿಗೆ ಗುಂಗುರು ಹಾಕಿಕೊಂಡೇ ಸಂಸಾರ ದಡ ಮುಟ್ಟಿಸಿದವಳು ಓಕ್‌ಬುನ್. ಅರವತ್ತು ದಾಟಿದ್ದರೂ ಅವಳ ಬಾಯಿಗೆ ಮಾತ್ರ ವಯಸ್ಸಾಗಿರಲಿಲ್ಲ. ಅವಳ ಅಂಗಡಿಗೆ ಹೋದವರು ಗುಂಗುರು ಕೂದಲಿನ ಜತೆಗೆ ಎರಡು ಬುದ್ಧಿಮಾತು, ಒಂದು ಬೈಗುಳ ಹೊತ್ತುಕೊಂಡೇ ಹೊರಬರುತ್ತಿದ್ದರು.

ಆ ವರ್ಷ ಸುಗ್ಗಿ ಹಬ್ಬಕ್ಕೆ ಬಂದಿದ್ದ ಮಗ ಅವಳ ಫೋನಿನಲ್ಲಿ ಸ್ವಭಾವದ ಪರೀಕ್ಷೆಯೊಂದನ್ನು ತೆರೆದುಕೊಟ್ಟು ಹೋದ. ಹುಡುಗ ಹುಡುಗಿಯರೆಲ್ಲ ತಮ್ಮ ಹೆಸರಿಗಿಂತ ಮೊದಲು ತಮ್ಮ ಸ್ವಭಾವ ಸೂಚಿಸುವ ಇಂಗ್ಲಿಷಿನ ನಾಲ್ಕಕ್ಷರ ಹೇಳಿಕೊಳ್ಳುತ್ತಿದ್ದ ಕಾಲ. ಓಕ್‌ಬುನ್ ಕನ್ನಡಕ ಏರಿಸಿ ಒಂದೊಂದೇ ಉತ್ತರ ಒತ್ತಿದಳು. ಕೊನೆಗೆ ನಾಲ್ಕಕ್ಷರ, ಅದರ ಕೆಳಗೆ 'ದಂಡನಾಯಕ' ಎಂದು ಬಂತು.

"ನೋಡ್ರೀ! ಇಷ್ಟು ವರ್ಷ ಸಂಸಾರ ಮಾಡಿ ನಿಮಗೆ ಗೊತ್ತಾಗದೆ ಇದ್ದದ್ದು ಈ ಫೋನಿಗೆ ಗೊತ್ತಾಯ್ತು."

ಗಂಡ ಗಿಲ್‌ಸು ಟ್ಯಾಕ್ಸಿ ಓಡಿಸುವವನು, ಧಾರಾವಾಹಿ ನೋಡಿ ಅಳುವವನು. "ನಂಗೆ ಮದುವೆಯಾದ ವಾರಕ್ಕೇ ಗೊತ್ತಾಗಿತ್ತು ಕಣೇ. ಹೇಳೋಕೆ ಧೈರ್ಯ ಸಾಲಲಿಲ್ಲ," ಎಂದ.

ಆಮೇಲೆ ಅವಳನ್ನು ಹಿಡಿಯುವವರಿಲ್ಲ. ನಾಲ್ಕಕ್ಷರದಲ್ಲಿ ಅವಳಿಗೆ ಚೆನ್ನಾಗಿ ನಾಟಿದ್ದು ಎರಡೇ: ಟಿ ಎಂದರೆ ತಲೆಯಿಂದ ಮಾತಾಡುವವರು, ಎಫ್ ಎಂದರೆ ಎದೆಯಿಂದ ಮಾತಾಡುವವರು. ಬಾಚಣಿಗೆ ಮುಟ್ಟುವ ಮೊದಲೇ ವಿಚಾರಣೆ ಶುರು.

"ಅಜ್ಜಿ, ನಿಮ್ಮದು ಯಾವ ಅಕ್ಷರ?"

"ನಂದು ಬಿ.ಪಿ. ಕಣಮ್ಮ," ಎಂದಳು ಮೀನಂಗಡಿಯ ಅಜ್ಜಿ. "ಬೆಳಗ್ಗೆ ಒಂದು ಮಾತ್ರೆ, ರಾತ್ರಿ ಒಂದು."

ಟಿ ಎಂದು ಕಂಡವರಿಗೆ ಓಕ್‌ಬುನ್ ಕನ್ನಡಿ ಕೊಡುವುದನ್ನೇ ನಿಲ್ಲಿಸಿದಳು. ಕೊಟ್ಟರೆ ತಾನೇ ತಪ್ಪು ಹೇಳುವುದು?

ಇದು ಅಂಗಡಿಯೊಳಗೇ ಉಳಿದಿದ್ದರೆ ಊರು ಸಹಿಸುತ್ತಿತ್ತು. ಆದರೆ ಚಳಿ ಶುರುವಾಗಿ, ಇಡೀ ಚಳಿಗಾಲಕ್ಕಾಗುವ ಕಿಮ್ಚಿ ಎಂಬ ಕೋಸಿನ ಉಪ್ಪಿನಕಾಯಿ ಹಾಕುವ ದಿನ ಬಂತು. ಹಿತ್ತಲಲ್ಲಿ ಉಪ್ಪುನೀರಲ್ಲಿ ನೆನೆದ ಕೋಸಿನ ಗುಡ್ಡ. ಮಗ, ಸೊಸೆ, ತಂಗಿ ಗುಮ್‌ಸುನ್ ಎಲ್ಲರೂ ರಬ್ಬರ್ ಕೈಗವಸು ತೊಟ್ಟು ನಿಂತರು. ದಂಡನಾಯಕಿ ಸೊಂಟಕ್ಕೆ ಕೈಯಿಟ್ಟು ಅಪ್ಪಣೆ ಕೊಟ್ಟಳು.

"ಈ ಸಲ ಎಲ್ಲಾ ಸ್ವಭಾವದ ಪ್ರಕಾರ. ರುಚಿ ನೋಡೋದು ಎಫ್‌ಗಳು ಮಾತ್ರ. ಟಿಗಳ ನಾಲಗೆ ಚಾಕು ಇದ್ದ ಹಾಗೆ, ಅಡುಗೆ ಮಾಡೋರ ಕೈ ಬಾಡಿಹೋಗತ್ತೆ. ನಾನೂ ಟಿ. ಅದಕ್ಕೆ ನಾನೂ ಬಾಯಿಗಿಡಲ್ಲ. ನ್ಯಾಯ ಅಂದ್ರೆ ನ್ಯಾಯ!"

ಸೊಸೆ ಹಾನ್‌ಬ್ಯೋಲ್ ಔಷಧದಂಗಡಿಯವಳು, ಮಾತು ಕಡಿಮೆ, ಅಪ್ಪಟ ಟಿ. ಅವಳನ್ನು ಕೋಸು ತೊಳೆಯಲು ಹಿತ್ತಲ ಮೂಲೆಯ ನಲ್ಲಿಗೆ ಅಟ್ಟಿದರು. ಮಗ ಮೂಲಂಗಿ ತುರಿಯಲು ಕೂತ. ಗುಮ್‌ಸುನ್, ಗಿಲ್‌ಸು ಇಬ್ಬರೂ ಕರಗುವ ಎದೆಯ ಎಫ್‌ಗಳು. ಅವರಿಗೆ ರುಚಿಯ ಪಟ್ಟ.

ಅಕ್ಕತಂಗಿ ಕೂತು ಖಾರದಪುಡಿ, ಬೆಳ್ಳುಳ್ಳಿ, ಉಪ್ಪು ಹಾಕಿದ ಸಿಗಡಿ ಕಲಸಿದರು. ಮಾತಿನ ಭರದಲ್ಲಿ ಸಿಗಡಿಯ ಭರಣಿಯನ್ನು ಅಕ್ಕ ಒಮ್ಮೆ ಬಗ್ಗಿಸಿದಳು, ತಂಗಿ ಇನ್ನೊಮ್ಮೆ. ಒಬ್ಬರು ಬಗ್ಗಿಸಿದ್ದನ್ನು ಇನ್ನೊಬ್ಬರು ನೋಡಲಿಲ್ಲ.

ಗಿಲ್‌ಸು ಒಂದು ಎಲೆ ಬಾಯಿಗಿಟ್ಟ. ಕಣ್ಣು ತುಂಬಿತು.

"ಹೇಗಿದೇರೀ?"

"ನಿಮ್ಮಮ್ಮನ ಕೈರುಚಿ ನೆನಪಾಯ್ತು ಕಣೇ," ಎಂದು ಎದ್ದು ಹೋಗಿ ಚೊಂಬುಗಟ್ಟಲೆ ನೀರು ಕುಡಿದ.

ಗುಮ್‌ಸುನ್ ಅಕ್ಕನ ಮುಖ ನೋಡಿದಳು. ಅದರ ತುಂಬ ಆಸೆ. "ಅಕ್ಕಾ... ಇದರಲ್ಲಿ ಸಮುದ್ರಾನೇ ಇದೆ!"

ಓಕ್‌ಬುನ್ ಹಿಗ್ಗಿ ಹೀರೇಕಾಯಿಯಾದಳು. ಸಂಜೆಯೊಳಗೆ ಡಬ್ಬಿಗಳೆಲ್ಲ ತುಂಬಿದವು.

ಊಟಕ್ಕೆ ಬೇಯಿಸಿದ ಹಂದಿಮಾಂಸ, ಜತೆಗೆ ಹೊಸ ಕಿಮ್ಚಿ. ಮಗ ತುತ್ತಿಟ್ಟವನು ಅಗಿಯುವುದನ್ನು ನಿಲ್ಲಿಸಿ ಸೂರು ನೋಡತೊಡಗಿದ. ಗಿಲ್‌ಸು ಬರೀ ಅನ್ನ ತಿಂದ. ಉಪ್ಪಿಗಿಂತ ರುಚಿಯಿಲ್ಲ ಎಂಬ ಗಾದೆ ಕಟ್ಟಿದವನು ಆ ಕಿಮ್ಚಿ ತಿಂದಿರಲಿಕ್ಕಿಲ್ಲ. ಹಾನ್‌ಬ್ಯೋಲ್ ಒಂದು ಎಲೆ ತಿಂದು ಊಟದ ಕಡ್ಡಿ ಕೆಳಗಿಟ್ಟಳು.

"ಅತ್ತೆ, ಉಪ್ಪು."

"ಬೇಕಾ? ತಗೋ," ಎಂದು ಓಕ್‌ಬುನ್ ಉಪ್ಪಿನ ಬಟ್ಟಲು ಚಾಚಿದಳು.

"ಬೇಡ. ಊರಿಗಾಗುವಷ್ಟು ಇದರಲ್ಲೇ ಇದೆ."

ಗುಮ್‌ಸುನ್ ಎದೆ ಮುಟ್ಟಿಕೊಂಡಳು. "ಅಯ್ಯೋ, ನೀನೇನಮ್ಮಾ, ಟಿಯಾ?"

"ಹೌದು ಚಿಕ್ಕತ್ತೆ. ಅದಕ್ಕೇ ತಾನೇ ನನ್ನ ನಲ್ಲಿ ಹತ್ರ ಕೂರಿಸಿದ್ದು?"

ಓಕ್‌ಬುನ್ ಆಗ ಮೊದಲ ಸಲ ತನ್ನ ಕಿಮ್ಚಿ ಬಾಯಿಗಿಟ್ಟಳು. ಮುಖ ಒಣಗಿದ ಪೇರಳೆಯಂತೆ ಮುದುಡಿತು. ಗಂಡನ ಕಡೆ ತಿರುಗಿದಳು.

"ರೀ! ಕಣ್ಣೀರು ಬಂದಿದ್ದು ನಮ್ಮಮ್ಮನ ನೆನಪಿಗಾ?"

"ಅರ್ಧ ನೆನಪು," ಎಂದ ಗಿಲ್‌ಸು. "ಅರ್ಧ ಉಪ್ಪು."

ಮೊದಲು ನಕ್ಕವಳು ಹಾನ್‌ಬ್ಯೋಲ್. ಮದುವೆಯಾಗಿ ಬಂದಾಗಿನಿಂದ ಆ ಮನೆಯಲ್ಲಿ ಅವಳ ನಗುವನ್ನು ಯಾರೂ ಕೇಳಿರಲಿಲ್ಲ. ಅದು ಟ್ಯಾಕ್ಸಿಯ ಹಾರ್ನಿನ ಹಾಗೆ ಪೋಂ ಪೋಂ ಎಂದು ಬಂತು. ಓಕ್‌ಬುನ್ ಬೈಯಲು ತೆರೆದ ಬಾಯಲ್ಲೇ ನಕ್ಕುಬಿಟ್ಟಳು.

ಮುಂದಿನ ಅಪ್ಪಣೆ ಸೊಸೆಯದು. "ಮೂಲಂಗಿ ದಪ್ಪ ದಪ್ಪ ಹೆಚ್ಚಿ. ಕೋಸಿನ ನಡುನಡುವೆ ತುರುಕೋಣ, ಉಪ್ಪು ಹೀರಿಕೊಳ್ಳತ್ತೆ. ಅತ್ತೆ, ನೀವು ಆ ಡಬ್ಬಿ ಹಿಡೀರಿ. ಮಾವ, ನೀವು ಏನೂ ಹೇಳಬೇಡಿ."

ದಂಡನಾಯಕಿ ತೆಪ್ಪಗೆ ಡಬ್ಬಿ ಹಿಡಿದಳು.

ನಾಲ್ಕಕ್ಷರದ ನಂಬಿಕೆಯನ್ನು ಅವಳೇನೂ ಬಿಡಲಿಲ್ಲ. "ಮನೆಗೊಬ್ಬ ಟಿ ಇರಬೇಕು ಕಣ್ರೇ, ಇಲ್ಲದಿದ್ರೆ ನಾಲಗೆ ಸುಟ್ಟು ಸಾಯ್ತೀರಿ" ಎಂದು ಗಿರಾಕಿಗಳಿಗೆ ಅದೇ ಜೋರಿನಲ್ಲಿ ಬುದ್ಧಿ ಹೇಳತೊಡಗಿದಳು. ಏನೇ ಅಡುಗೆ ಮಾಡಿದರೂ ಸೊಸೆಗೆ ಫೋನು. ಸೊಸೆ ಒಂದೇ ಮಾತಲ್ಲಿ ಉತ್ತರಿಸುತ್ತಿದ್ದಳು, ಅತ್ತೆ ಅದನ್ನೇ ಅರ್ಧ ಗಂಟೆ ಎಳೆಯುತ್ತಿದ್ದಳು. ಮೂಲಂಗಿ ತುರುಕಿದ ಕಿಮ್ಚಿ ಹಾಗೇ ತಿನ್ನುವಷ್ಟೇನೂ ಸುಧಾರಿಸಲಿಲ್ಲ. ಆದರೆ ಉಪ್ಪಿನ ಬದಲು ಸಾರಿಗೆ ಹಾಕಲು ಒದಗಿತು. ಆ ಚಳಿಗಾಲವಿಡೀ ಅವರ ಮನೆಯಲ್ಲಿ ಯಾರೂ ಉಪ್ಪು ಕೊಳ್ಳಲಿಲ್ಲ.