ಬಳ್ಳಾರಿ ಬಿಸಿಲಿಗೆ ಹೆದರದ ಕಂಪ್ಯೂಟರ್

ಬ್ರೂಸ್‌ಪೇಟೆಯ ಅಂಗಡಿಗಳು ಇನ್ನೂ ಷಟರ್ ಎತ್ತಿಲ್ಲ. ಕೋಟೆ ಗುಡ್ಡದ ನೆತ್ತಿಗೆ ಈಗಷ್ಟೇ ಬೆಳಕು ಬೀಳುತ್ತಿದೆ. ಇಕ್ಕಟ್ಟಾದ ಗಲ್ಲಿಯೊಂದರ ಮಾಳಿಗೆಯ ಮೇಲೆ, ತಗಡು ಹೊದಿಸಿದ ಕೋಣೆಯಲ್ಲಿ, ಜಯಶ್ರೀ ಬಿಚ್ಚಿಟ್ಟ ಕಂಪ್ಯೂಟರಿನ ಮುಂದೆ ಕೂತಿದ್ದಾರೆ. ಪ್ರೊಸೆಸರ್ ಮೇಲೆ ಬಿಸಿ ಎಳೆದುಕೊಳ್ಳುವ ಪೇಸ್ಟ್ ಹಚ್ಚಿ, ಕೂಲರ್ ಕೂರಿಸಿ, ಸ್ಕ್ರೂಗಳನ್ನು ಒಂದಾದ ಮೇಲೊಂದು ಬಿಗಿಯುತ್ತಾರೆ. "ಮುಂಜಾನಿ ಎಲ್ಲಾ ಕಂಪ್ಯೂಟರೂ ಶಾಣ್ಯಾನ ಇರ್ತಾವ್ರಿ. ಇವುಗಳ ಬಣ್ಣ ಗೊತ್ತಾಗೋದು ಮಧ್ಯಾಹ್ನಕ್ಕ," ಎಂದು ನಗುತ್ತಾರೆ.

ಪ್ರೊಸೆಸರ್ ಎಂದರೆ ಕಂಪ್ಯೂಟರಿನ ಮಿದುಳು. ತಯಾರಿಸಿದವರು ಗೊತ್ತುಪಡಿಸಿದ ವೇಗಕ್ಕಿಂತ ಜೋರಾಗಿ ಅದನ್ನು ಓಡಿಸುವುದಕ್ಕೆ ಓವರ್‌ಕ್ಲಾಕಿಂಗ್ ಎನ್ನುತ್ತಾರೆ. ಇದೇನು ಹುಡುಗರ ವಿಡಿಯೊ ಗೇಮಿನ ಹುಚ್ಚು ಎಂದುಕೊಳ್ಳಬೇಡಿ. ಮದುವೆ ವಿಡಿಯೊ ಎಡಿಟ್ ಮಾಡುವವರು, ಜೀನ್ಸ್ ಡಿಸೈನ್ ಬಿಡಿಸುವವರು, ಮನೆಯ ನಕ್ಷೆ ಹಾಕುವವರು ಎಲ್ಲರೂ ಈ ಮೆಟ್ಟಿಲು ಹತ್ತುತ್ತಾರೆ. ಜೋರಾಗಿ ಓಡಿಸಿದರೆ ಕೆಲಸ ಬೇಗ ಮುಗಿಯುತ್ತದೆ, ಬಿಸಿಯೂ ಹೆಚ್ಚುತ್ತದೆ. ಬಳ್ಳಾರಿಯಲ್ಲಿ ಬಿಸಿಗೆ ಬರವೇ!

ಜಯಶ್ರೀ ಕೊಳಗಲ್ಲಿನವರು. ತಾಯಿ ಸುಂಕಮ್ಮ ಜೀನ್ಸ್ ಯೂನಿಟ್‌ನಲ್ಲಿ ದಾರ ಕತ್ತರಿಸುತ್ತ ಮಗಳಿಗೆ ಡಿಪ್ಲೊಮಾ ಓದಿಸಿದರು. ಕಂಪ್ಯೂಟರ್ ಅಂಗಡಿಯೊಂದರಲ್ಲಿ ವರ್ಷಗಟ್ಟಲೆ ದುಡಿದ ಮಗಳು, ಆಮೇಲೆ ಧೈರ್ಯ ಮಾಡಿ ಈ ಕೋಣೆ ಹಿಡಿದರು. ಮೊದಮೊದಲು ಬಂದ ಗಿರಾಕಿಗಳು ಇವರ ಹೆಗಲಾಚೆ ಇಣುಕಿ, "ಮೆಕ್ಯಾನಿಕ್ ಎಲ್ಲಿ ಹೋಗ್ಯಾನ?" ಎಂದು ಕೇಳುತ್ತಿದ್ದರಂತೆ. "ಚಾ ಕುಡಿಯಾಕ ಹೋಗ್ಯಾನ, ಕುಂದರ್ರಿ ಅಂತಿದ್ದೆ. ಅಷ್ಟರಾಗ ನಾನ ರಿಪೇರಿ ಮಾಡಿ ಕೊಡ್ತಿದ್ದೆ," ಎನ್ನುವಾಗ ಅವರ ಕಣ್ಣಲ್ಲಿ ತುಂಟತನ.

ಯಾವ ಪ್ರೊಸೆಸರ್ ಕೊಳ್ಳಬೇಕು ಎಂದು ಕೇಳಿದರೆ ಜಯಶ್ರೀ ಬೇರೆಲ್ಲದರ ಮಾತು ಮೊದಲು ಎತ್ತುತ್ತಾರೆ. "ಪ್ರೊಸೆಸರ್ ಹೆಸರು ಬಾಯಿಪಾಠ ಮಾಡ್ಕೊಂಡು ಬರ್ತಾರ್ರಿ, ಮದರ್‌ಬೋರ್ಡ್ ಯಾವ್ದಾದ್ರೂ ನಡೀತೈತಿ ಅಂತಾರ. ಎಲ್ಲಿ ನಡೀತೈತಿ? ವೇಗ ಏರಿಸಾಕ ಪ್ರೊಸೆಸರೂ ಬಿಡಬೇಕು, ಬೋರ್ಡೂ ಬಿಡಬೇಕು. ಪವರ್ ಸಪ್ಲೈ ಗಟ್ಟಿ ಇರಬೇಕು. ಗಾಜಿನ ಡಬ್ಬಿ ನೋಡಾಕ ಚಂದ, ಖರೆ. ಗಾಳಿ ಎಲ್ಲಿಂದ ಬರಬೇಕು?" ಅವರು ಕೊಡುವುದು ಮುಂದೆ ಜಾಲರಿ ಇರುವ ಡಬ್ಬಿ, ಒಳಗೆ ತೊಳೆಯಬಹುದಾದ ಫಿಲ್ಟರ್. ಜೀನ್ಸ್ ಹೊಲಿಯುವ ಓಣಿಗಳಲ್ಲಿ ನೀಲಿ ಧೂಳು ಫ್ಯಾನಿಗೆ ಮೆತ್ತಿಕೊಳ್ಳುತ್ತದೆ. ಅದೇ ಧೂಳನ್ನು ಅವರು ಚಿಕ್ಕವರಿದ್ದಾಗ ಅವ್ವನ ತಲೆಗೂದಲಲ್ಲಿ ದಿನಾ ಸಂಜೆ ನೋಡಿದ್ದಾರೆ.

ಈ ಹೊತ್ತು ಅವರ ಕೈಯಲ್ಲಿರುವುದು ಸಿರುಗುಪ್ಪದ ವಿರೂಪಾಕ್ಷಿ ಅವರ ಕಂಪ್ಯೂಟರ್. ವಿರೂಪಾಕ್ಷಿ ಮದುವೆ ವಿಡಿಯೊ ಮಾಡುವವರು, ಜಯಶ್ರೀಯ ಮೊದಲ ದೊಡ್ಡ ಗಿರಾಕಿ. ಕೆಲವು ಬೇಸಿಗೆಗಳ ಹಿಂದೆ ಜಯಶ್ರೀ ಅವರ ಹಳೆಯ ಕಂಪ್ಯೂಟರಿಗೆ ಬೆಳಗಿನ ತಂಪಿನಲ್ಲೇ ವೇಗ ಏರಿಸಿ, ತಂಪಿನಲ್ಲೇ ಪರೀಕ್ಷಿಸಿ ಕಳಿಸಿಕೊಟ್ಟಿದ್ದರು. ಸಿರುಗುಪ್ಪದ ಮಧ್ಯಾಹ್ನಕ್ಕೆ ಅದು ಕೆಲಸದ ನಡುವೆಯೇ ನಿಂತುಹೋಯಿತು. ಮದುವೆ ಮನೆಯವರ ಮುಂದೆ ವಿರೂಪಾಕ್ಷಿ ತಲೆ ತಗ್ಗಿಸಬೇಕಾಯಿತು. "ಬೈದಿದ್ರ ಚಲೋ ಇತ್ರಿ. 'ಇರ್ಲಿ ಬಿಡು ತಂಗಿ' ಅಂದು ಹೋದ್ರು, ಮತ್ತ ಬರಲೇ ಇಲ್ಲ. ಭಾಳ ಸಂಕಟ ಆತು." ಅಂದಿನಿಂದ ಜಯಶ್ರೀಯದೊಂದು ಕಟ್ಟಳೆ: ಮಧ್ಯಾಹ್ನದ ಪರೀಕ್ಷೆ ಆಗದೆ ಯಾವ ಕಂಪ್ಯೂಟರೂ ಮೆಟ್ಟಿಲಿಳಿಯುವಂತಿಲ್ಲ. ಹೀಗೆ ಮಾಡುತ್ತಾರಂತೆ ಎಂದು ಯಾರೋ ಹೇಳಿದ್ದಕ್ಕೆ ವಿರೂಪಾಕ್ಷಿ ಈಗ ಮತ್ತೆ ಬಂದಿದ್ದಾರೆ. "ಇದೂ ಕೈ ಕೊಟ್ರ ಅವ್ರು ಈ ಕಡಿ ತಲಿ ಹಾಕಿ ಮಲಗಂಗಿಲ್ಲ," ಎನ್ನುತ್ತಾರೆ ಜಯಶ್ರೀ.

ಸೂರ್ಯ ನೆತ್ತಿಗೆ ಬಂದ ಮೇಲೆ ಕಿಟಕಿ ಮುಚ್ಚುತ್ತಾರೆ, ಕೋಣೆಯ ಫ್ಯಾನ್ ಆರಿಸುತ್ತಾರೆ. ತಗಡು ಕಾದು ಹೆಂಚಾಗಿದೆ. ಪರೀಕ್ಷೆ ನೋಡಲು ಬಂದು ಕೂತ ವಿರೂಪಾಕ್ಷಿ ಟವೆಲ್ಲಿನಿಂದ ಕತ್ತು ಒರೆಸಿಕೊಳ್ಳುತ್ತಾರೆ, ಬರೆದುಕೊಳ್ಳಲು ಬಂದ ನನ್ನ ಅಂಗಿ ಬೆನ್ನಿಗೆ ಅಂಟಿದೆ. ಬುತ್ತಿ ತಂದ ಸುಂಕಮ್ಮ ರಟ್ಟಿನಿಂದ ಗಾಳಿ ಹಾಕಿಕೊಳ್ಳುತ್ತ, "ಕಂಪ್ಯೂಟರ್ ಪರೀಕ್ಷಿ ಅಂತ ಮಂದೀನ ಬೇಯಿಸ್ತಾಳ ನೋಡ್ರಿ ಇಕಿ!" ಎಂದು ಗೊಣಗುತ್ತಾರೆ. ಪರೀಕ್ಷೆಯ ಪ್ರೋಗ್ರಾಮು ಓಡುತ್ತಿರುವಾಗಲೇ ಪರದೆ ನೀಲಿಯಾಗಿ ನಿಂತುಬಿಡುತ್ತದೆ.

ವಿರೂಪಾಕ್ಷಿ ಪರದೆ ನೋಡುತ್ತಾರೆ, ಜಯಶ್ರೀ ಗಿರಾಕಿಯ ಮುಖ ನೋಡುವುದಿಲ್ಲ. ವೇಗವನ್ನು ಒಂದು ಮೆಟ್ಟಿಲು ಇಳಿಸಿ, ಬಿಸಿ ಇಳಿಯಲೆಂದು ವೋಲ್ಟೇಜನ್ನೂ ಚೂರು ತಗ್ಗಿಸಿ ಮತ್ತೆ ಶುರು ಮಾಡುತ್ತಾರೆ. "ಸ್ವಲ್ಪ ವೇಗ ಕಮ್ಮಿ ಆತು ಅಣ್ಣಾ," ಎಂದಷ್ಟೇ ಹೇಳುತ್ತಾರೆ. ಬಿಸಿಲು ಗೋಡೆಯಿಂದ ಇಳಿದುಹೋಗುವವರೆಗೂ ಈ ಸಲ ಅದು ನಿಲ್ಲುವುದಿಲ್ಲ. ವಿರೂಪಾಕ್ಷಿ ಎದ್ದು ಮೈ ಮುರಿಯುತ್ತಾರೆ. "ನಿಲ್ಲೋದು ಇಲ್ಲೇ ನಿಂತಿದ್ದು ಚಲೋ ಆತು ತಂಗಿ." ಡಬ್ಬಿಯನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಆಟೊ ಹತ್ತಿ ಬಸ್ ನಿಲ್ದಾಣಕ್ಕೆ ಹೊರಡುತ್ತಾರೆ.

ಫೋಟೊ ತೆಗೆಯಲು ಮರುದಿನ ಹೋದಾಗ ತಾಯಿ, ಮಗಳು ಊಟಕ್ಕೆ ಕೂತಿದ್ದಾರೆ. ನಿಮ್ಮ ಆಸೆಯೇನು ಎಂದು ಕೇಳುತ್ತೇನೆ. "ಮಧ್ಯಾಹ್ನ ಫೋನ್ ಬರಬಾರದ್ರಿ, ಅಷ್ಟ ಸಾಕು," ಎನ್ನುವಷ್ಟರಲ್ಲಿ ಫೋನ್ ಹೊಡೆದುಕೊಳ್ಳುತ್ತದೆ. ವಿರೂಪಾಕ್ಷಿ! ಜಯಶ್ರೀ ಕೈಯಲ್ಲಿದ್ದ ರೊಟ್ಟಿ ಚೂರನ್ನು ತಟ್ಟೆಗೆ ಹಾಕಿ, ಎಂಜಲು ಕೈಯಲ್ಲೇ ಸ್ಪೀಕರ್ ಒತ್ತುತ್ತಾರೆ.

"ಏನಾತು ಅಣ್ಣಾ?"

"ಏನಿಲ್ಲ ತಂಗಿ. ಕಿಟಕಿ ಮುಚ್ಚೀವಿ, ಫ್ಯಾನ್ ಬಂದ್ ಮಾಡೀವಿ. ಮುಂಜಾನಿಂದ ಮದುವಿ ಎಡಿಟಿಂಗ್ ನಡದೈತಿ. ನಾವೆಲ್ಲಾ ಬೆಂದು ಹೋದ್ವಿ, ನಿನ್ನ ಕಂಪ್ಯೂಟರ್ ಮಾತ್ರ ಓಡಾಕತ್ತೈತಿ."

ಸುಂಕಮ್ಮ ಬಾಯಿಗೆ ಸೆರಗು ಒತ್ತಿ ನಗುತ್ತಾರೆ. ಜಯಶ್ರೀಗೆ ಕಣ್ಣು ತುಂಬಿ ಬರುತ್ತದೆ.

"ಇನ್ನಾದ್ರೂ ಫ್ಯಾನ್ ಹಾಕ್ಕೊಳ್ರಿ ಅಣ್ಣಾ!"