ಜಾಲಿಮುಳ್ಳಿಗೆ ಹೊದಿಸಿದ ಶಾಲು

ನನ್ನ ಬೀರುವಿನಲ್ಲಿ ಹದಿನಾಲ್ಕು ಸನ್ಮಾನದ ಶಾಲುಗಳಿವೆ. ಹಿರಿಯೂರಿನ ಬಿಸಿಲಿಗೆ ಒಂದನ್ನಾದರೂ ಹೊದೆಯುವ ಪ್ರಸಂಗ ಇನ್ನೂ ಬಂದಿಲ್ಲ. ಆದರೂ ಕರೆದಲ್ಲಿಗೆಲ್ಲ ಹೋಗಿ ಬಗ್ಗಿ ನಿಲ್ಲುತ್ತೇನೆ. ನಿವೃತ್ತ ಕನ್ನಡ ಮೇಷ್ಟರಿಗೆ ಬೇರೆ ಕೆಲಸವಾದರೂ ಏನಿದೆ?

ಹದಿನಾಲ್ಕನೆಯದು ಕಳೆದ ತಿಂಗಳು 'ಜಾಲಿಮುಳ್ಳು' ತಂಡದ ಎರಡನೇ ಆಲ್ಬಮ್ ಬಿಡುಗಡೆಯಲ್ಲಿ ಬಂದದ್ದು. ತಂಡವೆಂದರೆ ನನ್ನ ಹಳೆಯ ಶಿಷ್ಯರಿಬ್ಬರು. ಯಲ್ಲದಕೆರೆಯ ತಿಪ್ಪೇಶ ಗಿಟಾರನ್ನು ಹಲ್ಲು ಜುಮ್ಮೆನ್ನುವಂತೆ ಗೀರುತ್ತಾನೆ. ತಗಡಿನ ಟ್ರಂಕು ಮಾಡುವ ಮನೆತನದ ಸಾದಿಕ್ ಉಸಿರು ಬಿಡದೆ ಪ್ರಾಸದಲ್ಲಿ ಬೈಯುತ್ತಾನೆ. ಇದಕ್ಕೆ ರ‍್ಯಾಪ್ ಮೆಟಲ್ ಎನ್ನುತ್ತಾರಂತೆ. ಪ್ರಾಸ ತಪ್ಪಿದರೆ ಕಾವ್ಯವೇ ಅಲ್ಲವೆಂದು ಹಠ ಹಿಡಿದಿದ್ದ ನಮ್ಮ ಹಳಬರು ಇದನ್ನು ಕೇಳಿದ್ದರೆ, ಕಿವಿ ಮುಚ್ಚಿಕೊಂಡೇ ತಲೆದೂಗುತ್ತಿದ್ದರು.

ಮೊದಲ ಆಲ್ಬಮ್ಮಿನಲ್ಲಿ ನೀರು ಬಾರದ ನಲ್ಲಿಗಳಿಗಾಗಿ ನಮ್ಮ ವಾರ್ಡಿನ ಕೌನ್ಸಿಲರನ್ನು ಚೆನ್ನಾಗಿ ಝಾಡಿಸಿದ್ದರು. ಎರಡನೆಯದರ ಆಹ್ವಾನ ಪತ್ರಿಕೆ ನೋಡಿದರೆ ಮುಖ್ಯ ಅತಿಥಿ ಅದೇ ಕೌನ್ಸಿಲರ್! ಅಧ್ಯಕ್ಷತೆ ನನ್ನದು. ಕ್ರಾಂತಿಗೂ ಈಗ ಹೂವಿನ ಹಾರ ಬೇಕಾಯಿತೇ ಎಂದು ನನಗೆ ಹೇಸಿಗೆಯಾಯಿತು.

"ಲೇ ತಿಪ್ಪೇಶ, ಬೈಸಿಕೊಂಡೋರ ಕೊರಳಿಗೇ ಹಾರ ಹಾಕ್ತೀರೇನೋ?" ಎಂದೆ.

"ಕೊನೇ ಹಾಡು ಅವ್ರ ಕಮಾನಿನ ಮ್ಯಾಲೈತೆ ಸಾರ್. ಅವ್ರನ್ನ ಎದುರಿಗೆ ಕುಂದ್ರಿಸಿಕೊಂಡೇ ಹಾಡ್ಬೇಕು. ಅತಿಥಿ ಅಂತ ಕರೀದಿದ್ರೆ ಬರ್ತಾರಾ?"

ಆ ಕಮಾನು ನಮ್ಮ ಬೀದಿಗೆಲ್ಲ ಗೊತ್ತು. ರಸ್ತೆ ಮಾಡಿಸುತ್ತೇನೆಂದು ಹೊರಟವನು ತನ್ನ ಹೆಸರಿನ ಸ್ವಾಗತ ಕಮಾನು ಮಾತ್ರ ಕಟ್ಟಿಸಿದ. ಅದರಡಿ ಹಾದು ನೇರ ಗುಂಡಿಗೆ ಇಳಿಯಬಹುದು. ಹುಡುಗರ ಉಪಾಯಕ್ಕೆ ಮನಸ್ಸಿನಲ್ಲೇ ಶಹಬ್ಬಾಸ್ ಎಂದೆ.

ನಮ್ಮ ಕಡೆಯ ಸಭೆಗಳಲ್ಲಿ ಭಾಷಣ ಮೊದಲು, ಹಾಡು ಆಮೇಲೆ. ಹಾಡು ಮುಗಿದರೆ ಭಾಷಣಕ್ಕೆ ಯಾರೂ ಕೂರುವುದಿಲ್ಲ ಎಂಬುದು ಭಾಷಣಕಾರರಿಗೆ ಮೊದಲಿಂದಲೂ ಗೊತ್ತು. ಸ್ವಾಗತ, ಪರಿಚಯ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಕೌನ್ಸಿಲರ್ ಐದು ನಿಮಿಷ ಮಾತಾಡಿದ. "ಯುವಕರು ಬೈಬೇಕ್ರಿ, ಬೈದ್ರೇ ನಾವು ತಿದ್ಕಳಾದು" ಎಂದು ನಕ್ಕು ಕುಳಿತ. ಎಂಥ ದಪ್ಪ ಚರ್ಮ! ನನಗೆ ಮೈಯೆಲ್ಲ ಉರಿಯಿತು.

ಅಧ್ಯಕ್ಷನಾಗಿ ಎದ್ದೆ. ಕವಿ ಅರಸನ ಮುಂದೆ ಹೇಗೆ ನಿಲ್ಲಬೇಕು ಎಂಬಲ್ಲಿಂದ ಆರಂಭಿಸಿ, ತಾಳೆಗರಿ, ವಚನ, ಸ್ವಾತಂತ್ರ್ಯ ಚಳವಳಿ ದಾಟಿ ಇಂದಿನ ಪೊಳ್ಳು ರಾಜಕಾರಣವನ್ನು ಹಿಗ್ಗಾಮುಗ್ಗಾ ಬೈದೆ. ಕೌನ್ಸಿಲರ್ ತಲೆಯಾಡಿಸುತ್ತಲೇ ಇದ್ದ. ತಿಪ್ಪೇಶ ಎರಡು ಸಲ ಚೀಟಿ ಕಳಿಸಿದ. ಮೆಚ್ಚುಗೆಯಿರಬೇಕೆಂದು ಓದದೆ ಜೇಬಿಗಿಟ್ಟೆ.

ನಾಲ್ಕಕ್ಕೆ ನಮ್ಮ ಬಾಡಿಗೆಯ ಹೊತ್ತು ಮುಗಿಯಿತೆಂದು ಕಲ್ಯಾಣಮಂಟಪದವರು ಬಂದು ಮೈಕ್ ಕಿತ್ತರು. ಸಂಜೆಯ ಆರತಕ್ಷತೆಗೆ ಸಿಂಹಾಸನದಂಥ ಸೋಫಾ ಆಗಲೇ ಮೆಟ್ಟಿಲು ಹತ್ತುತ್ತಿತ್ತು. ಕೌನ್ಸಿಲರ್ ನನ್ನ ಕೈ ಕುಲುಕಿ, "ಬಾಳ ಚೆನ್ನಾಗಿ ಮಾತಾಡಿದ್ರಿ ಸಾರ್" ಎಂದು ಹೊರಟುಹೋದ. ಎರಡನೇ ಆಲ್ಬಮ್ಮಿನ ಒಂದು ಹಾಡೂ ಆಗಿರಲಿಲ್ಲ.

"ನೋಡ್ರೋ, ಹಾಡು ಕೇಳದೆ ಹೆಂಗೆ ಜಾರಿಕೊಂಡ!" ಎಂದೆ, ಗಿಟಾರಿನ ವೈರು ಸುತ್ತುತ್ತಿದ್ದ ಸಾದಿಕ್‌ಗೆ.

ಅವನು ತಲೆಯೆತ್ತಲಿಲ್ಲ. "ಅವ್ರು ಕೇಳಾಕೆ ಕುಂತೇ ಇದ್ರು ಸಾರ್. ನಮ್ಮ ಹಾಡು ನುಂಗಿದ್ದು ನೀವು."

ಜೇಬಿನ ಚೀಟಿಗಳನ್ನು ಬಿಡಿಸಿದೆ. ಎರಡರಲ್ಲೂ ಒಂದೇ ಮಾತು: 'ಸಾರ್, ಸಾಕು.' ನಾಚಿಕೆಯಿಂದ ಕುಗ್ಗಿಹೋದೆ. ಕೌನ್ಸಿಲರನಿಗೆ ನನ್ನಷ್ಟು ಉಪಕಾರ ಅವನ ಪಕ್ಷದವರೂ ಮಾಡಿರಲಿಕ್ಕಿಲ್ಲ.

"ಮೂರನೇ ಆಲ್ಬಮ್ಮಿನಲ್ಲಿ ನನ್ನನ್ನೇ ಬೈದು ಒಂದು ಹಾಡು ಹಾಕ್ರಪ್ಪ. ಸಾಲು ನಾನೇ ತಿದ್ದಿಕೊಡ್ತೀನಿ" ಎಂದೆ.

"ಹಾಕ್ತೀವಿ ಸಾರ್," ಎಂದ ಸಾದಿಕ್. "ತಿದ್ದೋದು ಮಾತ್ರ ಬ್ಯಾಡ. ನೀವು ತಿದ್ದಿದ್ರೆ ಉದ್ದ ಆಗ್ತೈತೆ."