ದೂರದರ್ಶಕದ ನಡುಕ ನಿಲ್ಲಿಸುವ ನಿನ್ಫಾಕ್ಕ

ಜುಲೈ ಮೊದಲ ವಾರ, ಬೆಳಗಿನ ಐದೂವರೆ. ಸಿಸಿಲಿಯ ಟ್ರಾಪನಿಯಲ್ಲಿ ಉಪ್ಪಿನ ಗದ್ದೆಗಳ ಮೇಲೆ ಗಾಳಿ ಇನ್ನೂ ಎದ್ದಿಲ್ಲ. ಬಯಲಿನಲ್ಲಿ ಕ್ರೇನಿನ ಕೊಕ್ಕೆಗೆ ಒಂದೂವರೆ ಟನ್ನಿನ ಚೌಕಟ್ಟು ನೇತಾಡುತ್ತಿದೆ, ಅದರ ನಡುವೆ ದೂರದರ್ಶಕ. ಐವತ್ತೆಂಟರ ನಿನ್ಫಾ ಇಂಕಾಂದೇಲಾ ಏಣಿ ಹತ್ತಿ, ಅದರ ಮೂತಿಯನ್ನು ಒಂದೇ ಬೆರಳಿನಿಂದ ತಳ್ಳಿ ಬಿಡುತ್ತಾರೆ. ಬಿಟ್ಟಲ್ಲೇ ನಿಲ್ಲಬೇಕು. ಆದರೆ ಕೂದಲೆಳೆಯಷ್ಟು ಹಿಂದೆ ಬರುತ್ತದೆ.

"ಡಾಕ್ಟ್ರೇ, ಇದು ಮುನಿಸಿಕೊಂಡಿದೆ."

ಯೋಜನೆಯ ಮುಖ್ಯಸ್ಥ ಡಾಕ್ಟರ್ ರುಜ್ಜಿರೆಲ್ಲೊ ಗಡಿಯಾರ ನೋಡುತ್ತಾರೆ. "ಆರಕ್ಕೆ ಗಾಳಿ ಏಳುತ್ತೆ ನಿನ್ಫಾಕ್ಕ, ಅಷ್ಟರೊಳಗೆ ಬಲೂನು ಬಿಡ್ಬೇಕು. ಅಷ್ಟನ್ನ ಮೋಟಾರು ನೋಡ್ಕೊಳ್ಳುತ್ತೆ."

ಮೂವತ್ತಾರು ಕಿಲೋಮೀಟರ್ ಎತ್ತರದಲ್ಲಿ, ಬಲೂನಿನ ಕೆಳಗೆ ತೂಗಾಡುತ್ತಲೇ, ಈ ದೂರದರ್ಶಕ ಸೂರ್ಯನ ಮೇಲಿನ ಒಂದೇ ಕಲೆಯನ್ನು ಗಂಟೆಗಟ್ಟಲೆ ದಿಟ್ಟಿಸಬೇಕು. ನಾಲ್ಕು ಕಿಲೋಮೀಟರ್ ಆಚೆಯ ಅಂಗಿಗುಂಡಿಯ ಮೇಲಿಟ್ಟ ಕಣ್ಣು ಕದಲಿಸದ ಹಾಗೆ. ಚೌಕಟ್ಟು ಅಲುಗಿದಷ್ಟೂ ಮೋಟಾರುಗಳು ಸರಿಪಡಿಸುತ್ತವೆ. ಆದರೆ ಚೌಕಟ್ಟಿನಿಂದ ದೂರದರ್ಶಕಕ್ಕೆ ದಾಟುವ ವೈರುಗಳು ಮೇಲಿನ ಚಳಿಗೆ ಸೆಟೆದು ಎಳೆಯತೊಡಗಿದರೆ ಮೋಟಾರೂ ಸೋಲುತ್ತದೆ. ಅವನ್ನು ಸಡಿಲ ಕುಣಿಕೆಗಳಾಗಿ ಕಟ್ಟುವುದು ನಿನ್ಫಾ ಕೆಲಸ. ಒಂದು ಹಾರಾಟಕ್ಕೆ ಇನ್ನೂರ ಹದಿನಾಲ್ಕು ಗಂಟು, ಎಲ್ಲವೂ ಮೇಣದ ದಾರದಲ್ಲಿ.

ಅವರದು ಟ್ಯೂನಾ ಮೀನಿನ ಬಲೆ ಹೆಣೆಯುವ ಮನೆತನ. ಮೀನು ಕಡಿಮೆಯಾಗಿ ಬಲೆಗಳು ಮೂಲೆ ಸೇರಿದಾಗ ಇಲ್ಲಿಗೆ ಬಂದರು, ಇಪ್ಪತ್ತೆರಡು ವರ್ಷವಾಯಿತು. ಪತ್ರಿಕೆಯ ಒಂದು ಫೋಟೊದಲ್ಲೂ ಅವರಿಲ್ಲ. "ಬಲೆ ಅಂದ್ರೆ ಬಿಗೀಬೇಕು, ಇದನ್ನ ಸಡಿಲ ಬಿಡ್ಬೇಕು. ದಣಿದ್ರೆ ಕೈ ತವರಿಗೆ ಓಡುತ್ತೆ," ಎಂದು ನಗುತ್ತಾರೆ.

ಎರಡು ವರ್ಷದ ಹಿಂದಿನ ಹಾರಾಟದಲ್ಲಿ ಒಂಬತ್ತು ಗಂಟೆಯ ಚಿತ್ರಗಳೆಲ್ಲ ಕದಡಿಹೋದವು. ಮೋಟಾರು ರೂಪಿಸಿದ ಡಾಕ್ಟರೇ ತಪ್ಪು ಹೊತ್ತರು. ಈ ಸಲವೂ ಹಾಗಾದರೆ ಯೋಜನೆಯ ಬಾಗಿಲು ಮುಚ್ಚಿದಂತೆ.

"ಇಪ್ಪತ್ತು ನಿಮಿಷ ಕೊಡಿ. ಮುಹೂರ್ತ ಮೀರೋ ಹಾಗೆ ಕುಣೀಬೇಡಿ," ಎಂದು ನಿನ್ಫಾ ಕತ್ತರಿ ತೆಗೆಯುತ್ತಾರೆ. ನಿನ್ನೆ ಸಂಜೆ ತಾವೇ ಹಾಕಿದ ಕೊನೆಯ ಗಂಟುಗಳು ಬಿಗಿದಿವೆ. ಕತ್ತರಿಸಿ ಮತ್ತೆ ಕಟ್ಟುತ್ತಾರೆ. ಈಗ ತಳ್ಳಿದರೆ ಬಿಟ್ಟಲ್ಲೇ ನಿಲ್ಲುತ್ತದೆ. ಆರಕ್ಕೆ ಎರಡು ನಿಮಿಷವಿರುವಾಗ ಬಲೂನು ಏಳುತ್ತದೆ.

ಹನ್ನೊಂದಕ್ಕೆ ಮೊದಲ ಚಿತ್ರ ಬರುತ್ತದೆ. ಕಲೆಯ ಅಂಚು ಚೂರಿಯಲ್ಲಿ ಕೊಯ್ದಷ್ಟು ಸ್ಪಷ್ಟ. ಚಪ್ಪಾಳೆಯ ನಡುವೆ ನಿನ್ಫಾ ಡಾಕ್ಟರನ್ನು ಪಕ್ಕಕ್ಕೆ ಕರೆಯುತ್ತಾರೆ.

"ಹೋದ ಸಲಾನೂ ಅದು ಹಿಂದೆ ಬಂದಿತ್ತು. ನೀವು ಅವಸರದಲ್ಲಿದ್ರಿ, ನಾನು ಬಾಯಿ ಮುಚ್ಕೊಂಡೆ. ತಪ್ಪು ನಿಮ್ಮ ಮೋಟಾರಿನದ್ದಲ್ಲ, ನಂದು."

"ಎರಡು ವರ್ಷ ನಿದ್ದೆಗೆಟ್ಟಿದ್ದೀನಲ್ಲ ನಿನ್ಫಾಕ್ಕ!"

"ನಾನೇನು ಮಲಗಿದ್ನಾ?"